ಮುಳ್ಳು ಬಿಡಿಸಿದ ತುತ್ತು

ವ್ಯಾಲೆಂಟೈನ್ ಗುರ್ಕಾರರಿಗೆ ಮೀನೆಂದರೆ ಪ್ರಾಣ, ಮೀನಿನ ಮುಳ್ಳೆಂದರೆ ಪ್ರಾಣಭಯ. ಏಳು ವರ್ಷದ ಹುಡುಗನಾಗಿದ್ದಾಗ ಬೂತಾಯಿಯ ಮುಳ್ಳೊಂದು ಗಂಟಲಿಗೆ ಸಿಕ್ಕಿಕೊಂಡು ಮೂರು ದಿನ ಅನ್ನ ನೀರು ಇಳಿದಿರಲಿಲ್ಲವಂತೆ. ಅಂದಿನಿಂದ ಅವರ ತಾಯಿ ಪಾಸ್ಕಿನ್ ಬಾಯಿ ಮಗನ ಬಟ್ಟಲಿನ ಮೀನನ್ನು ತಾನೇ ಬಿಡಿಸಿ ಕೊಡುತ್ತಿದ್ದಳು. ಮಗನಿಗೆ ಇಪ್ಪತ್ತೆಂಟಾಗಿ ಮದುವೆಯಾದ ಮೂರನೆಯ ದಿನ ಸೊಸೆ ರೋಸಲಿನಳನ್ನು ಅಡುಗೆಮನೆಗೆ ಕರೆದು, “ನೋಡು ಮಗಳೇ, ಇನ್ನು ಈ ಕೆಲಸ ನಿನ್ನದು. ನನಗೆ ಕಣ್ಣು ಮಂಜಾಯಿತು” ಎಂದು ಕಲಿಸಿಕೊಟ್ಟಳು. ಮೊದಲು ನಡುಮುಳ್ಳು ಎಳೆಯಬೇಕು. ಆಮೇಲೆ ಮೀನನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಬೇಕು. ಕೊನೆಗೆ ಕೆಳತುಟಿಗೆ ಒಮ್ಮೆ ತಾಗಿಸಬೇಕು, ಯಾಕೆಂದರೆ ಕೂದಲಿನಂಥ ಸಣ್ಣ ಮುಳ್ಳು ಬೆರಳಿಗೆ ಗೊತ್ತಾಗುವುದಿಲ್ಲ, ತುಟಿಗೆ ಗೊತ್ತಾಗುತ್ತದೆ. ಅಷ್ಟಾದ ಮೇಲೆ ಗಂಡನ ಅನ್ನದ ಬದಿಗೆ ಇಡಬೇಕು.

ರೋಸಲಿನ್ ಮೂವತ್ತು ವರ್ಷ ಹಾಗೆಯೇ ಮಾಡಿದಳು. ಮದುವೆಗೆ ಮುಂಚೆ ಕತ್ತಿ ತಾಗಿ ಅವಳ ಬಲಗೈಯ ಕಿರುಬೆರಳು ಮಡಚಲಾರದಂತಾಗಿತ್ತು. ಮುಳ್ಳು ಬಿಡಿಸುವಾಗ ಅದೊಂದು ಬೆರಳು ಬೇರೆಯಾಗಿ ಮೇಲಕ್ಕೆ ನಿಂತಿರುತ್ತಿತ್ತು. “ನಿನ್ನ ಬೆರಳು ಬೀಗರ ಮನೆಗೆ ಹೊರಟ ಹಾಗೆ ಉಂಟು” ಎಂದು ಅತ್ತೆ ತಮಾಷೆ ಮಾಡುತ್ತಿದ್ದಳು. ಮನೆಯವರಿಗೆಲ್ಲ ಇದು ನೀರು ಸೇದಿದಷ್ಟೇ ಸಾಮಾನ್ಯ. ಯಾರೂ ಕಣ್ಣೆತ್ತಿ ನೋಡುವ ವಿಷಯವಲ್ಲ.

ನೋಡಿದವಳು ಕಾರ್ಕಳದ ಗ್ಲ್ಯಾಡಿಸ್ ಬಾಯಿ.

ಅರವತ್ತೆರಡನೆಯ ಇಸವಿಯ ಜನವರಿ. ಗುರ್ಕಾರರ ಕಿರಿಯ ಮಗಳು ವೆರೊನಿಕಾಳನ್ನು ಗ್ಲ್ಯಾಡಿಸಳ ಮಗ ಅಲೆಕ್ಸನಿಗೆ ಕೇಳಲು ತಾಯಿ ಮಗ ಕಾಪುವಿಗೆ ಬಂದಿದ್ದರು. ಗ್ಲ್ಯಾಡಿಸ್ ವಿಧವೆ, ಗಟ್ಟಿ ಗಂಟಲಿನವಳು, ಹೊಲಿಗೆ ಮೆಷಿನ್ ತುಳಿದು ಮಗನನ್ನು ಮೇಷ್ಟ್ರು ಮಾಡಿದವಳು. ಮಾತೆಲ್ಲ ಚೆಂದವಾಗಿ ಕೂಡಿಬಂತು. ಊಟಕ್ಕೆ ಕುಳಿತಾಗ ರೋಸಲಿನ್ ಎಂದಿನಂತೆ ಗಂಡನ ಪಕ್ಕ ನಿಂತು ಬೂತಾಯಿ ಬಿಡಿಸತೊಡಗಿದಳು. ಗ್ಲ್ಯಾಡಿಸಳ ಕೈ ಬಟ್ಟಲಿನಲ್ಲೇ ನಿಂತುಬಿಟ್ಟಿತು. ರೋಸಲಿನಳ ಬೆರಳನ್ನು ನೋಡಿದಳು, ತುಟಿಯನ್ನು ನೋಡಿದಳು, ಗುರ್ಕಾರರ ಬಟ್ಟಲನ್ನು ನೋಡಿದಳು.

“ಎಂತ ಬಾಯಿ, ಸಾರು ಖಾರ ಆಯಿತಾ?” ಎಂದಳು ರೋಸಲಿನ್.

“ಇಲ್ಲಪ್ಪ, ಖಾರ ಎಂತದು ಇಲ್ಲ.” ಗ್ಲ್ಯಾಡಿಸ್ ಗುರ್ಕಾರರ ಕಡೆ ತಿರುಗಿ ಕೇಳಿದಳು, “ಅಲ್ಲ ಗುರ್ಕಾರರೇ, ರೋಸಿಗೆ ನಿಮ್ಮ ದೊಡ್ಡ ಮಗಳು ಬರ್ತಾಳಲ್ವಾ?”

ರೋಸ್ ಎಂದರೆ ಮದುವೆಯ ಹಿಂದಿನ ದಿನ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಮನೆಯವರೆಲ್ಲ ಒಬ್ಬೊಬ್ಬರಾಗಿ ತಲೆಗೆ ತೆಂಗಿನಹಾಲು ಎರೆಯುವ ಶಾಸ್ತ್ರ.

ಗುರ್ಕಾರರು ಅನ್ನ ಕಲಸುತ್ತಲೇ, “ನಮಗೆ ಇರುವುದು ಒಬ್ಬಳೇ ಮಗಳು” ಎಂದರು.

ಒಳಗೆ ವೆರೊನಿಕಾಳ ಕೈಯಿಂದ ಸೌಟು ಬಿತ್ತು. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಎಂಬತ್ತು ವರ್ಷದ ಪಾಸ್ಕಿನ್ ಬಾಯಿ ತಲೆ ಎತ್ತಿದಳು. “ಲೆಕ್ಕ ತಪ್ಪಿತು ಮಗಾ. ಇಬ್ಬರ ಹೊಕ್ಕುಳಬಳ್ಳಿಯನ್ನೂ ಕತ್ತರಿಸಿದವಳು ನಾನು. ಎರಡು ಸಲ ಕತ್ತರಿಸಿದ್ದು ನನಗೆ ನೆನಪುಂಟು.”

“ಮಾಂಯ್, ನೀನು ಸುಮ್ಮನಿರು.”

“ನಾನು ಸುಮ್ಮನೇ ಇದ್ದೇನೆ. ಕಲ್ಲು ಕುಟ್ಟುವುದು ಮಾತ್ರ ಕೇಳ್ತದೆ.”

ಗ್ಲ್ಯಾಡಿಸ್ ಕೈ ತೊಳೆದು ಬಂದು ನೇರವಾಗಿಯೇ ಹೇಳಿದಳು. “ಗುರ್ಕಾರರೇ, ವರದಕ್ಷಿಣೆ ನಾನು ಕೇಳಲಿಲ್ಲ. ಚಿನ್ನ ಕೇಳಲಿಲ್ಲ. ಆದರೆ ಅಕ್ಕ ಎಂಬವಳು ಬದುಕಿರುವಾಗ ಅವಳ ಕೈಯ ರೋಸ್ ಬೀಳದೆ ನನ್ನ ಸೊಸೆ ಮಣೆಯಿಂದ ಏಳುವುದು ನನಗೆ ಸರಿ ಕಾಣುವುದಿಲ್ಲ. ಮದುವೆ ಈಸ್ಟರ್ ಕಳೆದು ತಾನೇ? ದಿವಸ ಉಂಟು. ಯೋಚನೆ ಮಾಡಿ.”

*

ಯೋಚನೆ ಮಾಡಲು ಏನಿತ್ತು? ಆರು ವರ್ಷದಿಂದ ಆ ಮನೆಯಲ್ಲಿ ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು, ಬಾಯಿ ಬಿಟ್ಟು ಆಡುತ್ತಿರಲಿಲ್ಲ, ಅಷ್ಟೇ.

ಹಿರಿಯ ಮಗಳು ಸೆಲೀನ್ ನರ್ಸಿಂಗ್ ಕಲಿಯುತ್ತೇನೆಂದು ಮದ್ರಾಸಿನಲ್ಲಿದ್ದ ಸೋದರತ್ತೆ ಐರಿನಳ ಮನೆಗೆ ಹೋದವಳು. ಕಾಗದದಲ್ಲಿ ‘ಕಲಿಯುತ್ತಿದ್ದೇನೆ, ಕೆಲಸ ಸಿಕ್ಕಿದೆ’ ಎಂದು ಬರೆಯುತ್ತಿದ್ದಳು. ಏನು ಕೆಲಸವೆಂದು ಬರೆಯುತ್ತಿರಲಿಲ್ಲ. ಐವತ್ತಾರರಲ್ಲಿ ‘ಹೊಳೆಯಾಚೆಯ ದೀಪ’ ಎಂಬ ಚಿತ್ರ ಉಡುಪಿಗೆ ಬಂತು. ಎಳೆಯ ವಿಧವೆಯೊಬ್ಬಳು ದೋಣಿಯವನನ್ನು ಪ್ರೀತಿಸುವ ಕಥೆ. ಅದರಲ್ಲೊಂದು ತುಟಿಯ ಸೀನ್ ಉಂಟೆಂದು ಊರೆಲ್ಲ ಗುಲ್ಲೆದ್ದಿತು. ಉಡುಪಿ ರಥಬೀದಿಯ ಮಡಿವಂತರು ಒಂದು ಕಾರಣಕ್ಕೆ ಬೈದರು, ಇಗರ್ಜಿಯವರು ಇನ್ನೊಂದು ಕಾರಣಕ್ಕೆ ಬೈದರು. ಕಾಪುವಿನ ಇಗರ್ಜಿಯ ಆಗಿನ ಹಿರಿಯ ಪಾದ್ರಿ, ವಿಗಾರರು, ಚಿತ್ರವನ್ನು ಯಾರೂ ನೋಡಬಾರದೆಂದು ವಾಡೆ ವಾಡೆಗೆ ಹೇಳಿ ಕಳಿಸಿದರು. ವಾಡೆ ಎಂದರೆ ಇಗರ್ಜಿಗೆ ಸೇರಿದ ಒಂದು ಕೇರಿ; ಅದರ ಮೂವತ್ತೆರಡು ಮನೆಗಳಿಗೆ ಇಗರ್ಜಿಯ ಮಾತು ಮುಟ್ಟಿಸುವುದು ಗುರ್ಕಾರನ ಕೆಲಸ. ವ್ಯಾಲೆಂಟೈನರು ಕೊಡೆ ಹಿಡಿದು ಹೊರಟರು. “ಸುಭಾಷಿಣಿ ಎಂಬ ಹೊಸ ಹುಡುಗಿಯಂತೆ. ಮಾನ ಮರ್ಯಾದೆ ಇಲ್ಲದ ಚಿತ್ರವಂತೆ. ಮಕ್ಕಳನ್ನು ಬಿಡಬೇಡಿ” ಎಂದು ಮನೆ ಮನೆಯ ಜಗಲಿಯಲ್ಲಿ ನಿಂತು ಹೇಳಿದರು.

ಹತ್ತೊಂಬತ್ತನೆಯ ಮನೆ ದರ್ಜಿ ಎಡ್ಮಂಡನದು. ಅವನು ಗುರ್ಕಾರರನ್ನು ಒಳಗೆ ಕರೆದು, ಚಿತ್ರದ ಹಾಡಿನ ಪುಸ್ತಕವನ್ನು ಮೆಲ್ಲಗೆ ಅವರ ಕೈಗಿಟ್ಟ. ಮುಖಪುಟದಲ್ಲಿ ಬಿಳಿ ಸೀರೆ ಉಟ್ಟು ನಿಂತ ಸುಭಾಷಿಣಿ ಅವರ ಸೆಲೀನ್ ಆಗಿದ್ದಳು.

ಗುರ್ಕಾರರು ಪುಸ್ತಕ ಮಡಚಿ ಎಡ್ಮಂಡನಿಗೇ ಕೊಟ್ಟರು. ಆಮೇಲೆ ಉಳಿದ ಹದಿಮೂರು ಮನೆಗಳಿಗೂ ಹೋಗಿ ಅದೇ ಮಾತನ್ನು, ಅದೇ ಶಬ್ದಗಳಲ್ಲಿ ಹೇಳಿ ಮುಗಿಸಿ, ಮನೆಗೆ ಬಂದು ಕೊಡೆಯನ್ನು ಗೋಡೆಗೆ ಒರಗಿಸಿ ಕುಳಿತರು. ರೋಸಲಿನಳಿಗೆ ಇಂದಿಗೂ ಮರೆಯಲಾಗದ್ದು ಆ ಹದಿಮೂರು ಮನೆಗಳು. ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದು ಬೈದಿದ್ದರೆ, ಒಂದು ತಟ್ಟೆ ಒಡೆದಿದ್ದರೆ ಆಗಿಹೋಗುತ್ತಿತ್ತು. ಇವರು ಮುಗಿಸಿ ಬಂದರು.

ಸಂಜೆಯ ತೇರ್ಸ್ ಜಪಮಾಲೆಯ ಕೊನೆಗೆ ಮನೆಯವರ ಹೆಸರು ಹೇಳಿ ಒಬ್ಬೊಬ್ಬರಿಗೆ ಒಂದೊಂದು ‘ನಮಾನ್ ಮರಿಯೆ’ ಹೇಳುವುದು ಆ ಮನೆಯ ರೂಢಿ. ಅಂದಿನಿಂದ ಸೆಲೀನಳ ಹೆಸರು ಬಿಟ್ಟುಹೋಯಿತು. ರೋಸಲಿನ್ ಮಾತ್ರ ಕೊನೆಯಲ್ಲಿ, “ಪ್ರಯಾಣದಲ್ಲಿ ಇರುವವರಿಗಾಗಿ” ಎಂದು ಒಂದನ್ನು ಸೇರಿಸುತ್ತಿದ್ದಳು. ಅವಳು ಹೇಳಿ ಮುಗಿಸುವ ತನಕ ಗುರ್ಕಾರರೂ ಮೊಣಕಾಲೂರಿಯೇ ಇರುತ್ತಿದ್ದರು.

ಆಮೇಲೆ ಸುಭಾಷಿಣಿ ಎಷ್ಟೋ ಚಿತ್ರ ಮಾಡಿದಳು. ದೇವರ ಪಾತ್ರ, ತಾಯಿಯ ಪಾತ್ರ, ಎಲ್ಲ. ಕಾಪುವಿನ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲೂ ಅವಳೇ. ಗುರ್ಕಾರರು ಅಂದಿನಿಂದ ತಲೆಕೂದಲು ಕತ್ತರಿಸಲು ಉಚ್ಚಿಲಕ್ಕೆ ಹೋಗುತ್ತಿದ್ದರು.

*

ಬೀಗರು ಹೋದ ಮೇಲೆ ಮನೆಯಲ್ಲಿ ಶುರುವಾಯಿತು.

“ಬಾಯ್ ಬರದಿದ್ದರೆ ನಾನು ರೋಸಿಗೆ ಕೂರುವುದಿಲ್ಲ ಪಪ್ಪಾ” ಎಂದಳು ವೆರೊನಿಕಾ, ಗೆರಸೆಯಲ್ಲಿ ಅಕ್ಕಿ ಕೇರುತ್ತಾ. ಅಕ್ಕನನ್ನು ಅವಳು ಕರೆಯುತ್ತಿದ್ದುದು ಬಾಯ್ ಎಂದೇ.

“ಕೂರಬೇಡ. ತಲೆಗೆ ತೆಂಗಿನಹಾಲು ಬೀಳದೆ ಯಾರ ಮದುವೆಯೂ ನಿಲ್ಲುವುದಿಲ್ಲ.”

“ನೀವು ಆ ಸಿನೆಮಾ ನೋಡಿದ್ದೀರಾ?”

“ನೋಡಬಾರದು ಎಂದು ಹೇಳಿ ಬಂದವನು ನಾನೇ. ನೋಡ್ತೇನಾ?”

“ನೋಡದೆ ಹೇಳಿದಿರಾ ಹಾಗಾದರೆ?”

“ವಿಗಾರರು ಹೇಳಿದರು, ನಾನು ಹೇಳಿದೆ.”

“ವಿಗಾರರು ನೋಡಿದ್ದರಾ?”

“ಏ ಹುಡುಗಿ!” ಎಂದರು ಗುರ್ಕಾರರು.

ಅಜ್ಜಿ ಮೂಲೆಯಿಂದ, “ನನ್ನನ್ನು ಯಾರಾದರೂ ಕರೆದುಕೊಂಡು ಹೋದರೆ ನಾನು ನೋಡಿ ಹೇಳ್ತೇನೆ. ನನಗೆ ಇನ್ನು ಹಾಳಾಗಲಿಕ್ಕೆ ವಯಸ್ಸು ಎಲ್ಲಿ ಉಂಟು?” ಎಂದಳು. ಯಾರೂ ನಗಲಿಲ್ಲ. ವೆರೊನಿಕಾ ಮಾತ್ರ ಗೆರಸೆಯ ಹಿಂದೆ ಮುಖ ಅಡಗಿಸಿಕೊಂಡಳು.

ರೋಸಲಿನ್ ಜಗಳಕ್ಕೆ ಹೋಗುವವಳಲ್ಲ. ಬಾವಿಕಟ್ಟೆಯಲ್ಲಿ ಗಂಡ ಕಾಲು ತೊಳೆಯುವಾಗ ನೀರು ಹೊಯ್ಯುತ್ತಾ ಒಮ್ಮೆ ಕೇಳಿದಳು, “ಅವಳು ಬಂದು ಒಂದು ದಿವಸ ಇದ್ದು ಹೋದರೆ ಎಂತ ಆಗ್ತದೆ?”

“ಮೂವತ್ತೆರಡು ಮನೆಗೆ ಹೇಳಿದ್ದೇನೆ ರೋಸಲಿನ್.”

“ಅದು ಹಳೆ ಮಾತು.”

“ಹೇಳಿದವನು ಹಳಬನಾದ. ಮಾತು ಹಾಗೇ ಉಂಟು. ಈಗ ಯಾವ ಮುಖದಲ್ಲಿ ಅದೇ ಜಗಲಿಗಳಲ್ಲಿ ನಿಂತು, ನನ್ನ ಮಗಳು ಬರ್ತಾಳೆ, ಊಟಕ್ಕೆ ಬನ್ನಿ ಎನ್ನಲಿ?”

ಅವರ ದನಿ ಗಟ್ಟಿ ಇರಲಿಲ್ಲ. ರೋಸಲಿನ್ ಇನ್ನೊಂದು ಚೊಂಬು ನೀರು ಹೊಯ್ದಳು.

*

ಕರೆಜ್ಮಾಚೊ ಕಾಳ್ ಬಂತು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ಉಪವಾಸ, ಮಾಂಸವಿಲ್ಲ, ಮೀನು ಮಾತ್ರ. ಮೀನು ಮಾರುವ ಬೂಬ ಮಲ್ಪೆಯಿಂದ ಸೈಕಲಿನಲ್ಲಿ ದಿನಾ ಬರುತ್ತಿದ್ದ. “ಬಾಯಿ, ಇವತ್ತು ಬೂತಾಯಿ ಬೆಣ್ಣೆಯ ಹಾಗೆ ಉಂಟು ಮಾರಾಯ್ರೆ!” ಎಂದು ಗೇಟಿನಲ್ಲೇ ಕೂಗುತ್ತಿದ್ದ.

ಮಾರ್ಚ್ ಕೊನೆಯ ವಾರ ಗ್ಲ್ಯಾಡಿಸಳ ಕಾಗದ ಬಂತು. ಮದುಮಗಳ ಕೆಂಪು ಸೀರೆ ತಂದಾಗಿದೆ, ರೋಸಲಿನ್ ಬಾಯಿ ಬಂದು ನೋಡಬೇಕು, ಒಂದು ರಾತ್ರಿ ಉಳಿಯಬೇಕು ಎಂದು. ರೋಸಲಿನ್ ಪಡುಬಿದ್ರಿಗೆ ಹೋಗಿ ಅಲ್ಲಿಂದ ಕಾರ್ಕಳದ ಬಸ್ಸು ಹಿಡಿದಳು.

ಸೀರೆ ನೋಡಿ, ಚಾ ಕುಡಿದು ಆಗುವಷ್ಟರಲ್ಲಿ ಸಂಜೆಯಾಯಿತು. ಗ್ಲ್ಯಾಡಿಸ್ ತಲೆ ಬಾಚಿಕೊಂಡು ಹೊರಗೆ ಹೊರಟು ನಿಂತಳು.

“ಬನ್ನಿ ಬಾಯಿ, ಹೋಗುವ.”

“ಎಲ್ಲಿಗೆ? ಇಗರ್ಜಿಗಾ?”

“ಟೆಂಟಿಗೆ. ‘ಹೊಳೆಯಾಚೆಯ ದೀಪ’ ಪುನಃ ಬಂದಿದೆ. ಇವತ್ತಿಗೆ ಐದನೆಯ ದಿವಸ.”

ರೋಸಲಿನ್ ಶಿಲುಬೆಯ ಗುರುತು ಹಾಕಿಕೊಂಡಳು. “ಸಾಯ್ಬಾ ಭೊಗೋಸ್! ಕರೆಜ್ಮಾದಲ್ಲಿ ಸಿನೆಮಾ? ಅದೂ ಅದು?”

“ಮೊದಲು ಬಂದಾಗಿನಿಂದ ನಾನು ನಾಲ್ಕು ಸಲ ನೋಡಿದ್ದೇನೆ. ಸಾಯಲಿಲ್ಲ. ನಿಮ್ಮ ಪಾಪವನ್ನೂ ನನ್ನ ಲೆಕ್ಕಕ್ಕೆ ಹಾಕಿ.”

“ಗ್ಲ್ಯಾಡಿಸ್ ಬಾಯಿ, ಮಗಳು ಪರಗಂಡಸಿಗೆ ತುಟಿ ತಾಗಿಸುವುದನ್ನು ತಾಯಿಯಾದವಳು ಕೂತು ನೋಡುವುದಾ? ನನ್ನಿಂದ ಆಗುವುದಿಲ್ಲ.”

ಗ್ಲ್ಯಾಡಿಸ್ ಅವಳ ಬಲಗೈ ಹಿಡಿದು, ಆ ನೆಟ್ಟಗಿನ ಕಿರುಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು. “ಆಗ್ತದೆ. ನೀವೇ ನೋಡಬೇಕಾದ್ದು ಅದು. ನಾನು ಹೇಳುವುದಿಲ್ಲ, ಹೇಳಿದರೆ ಕೆಡ್ತದೆ.”

ಟೆಂಟಿನಲ್ಲಿ ಹೆಂಗಸರ ಬದಿಗೆ ಬೆಂಚು, ಮಧ್ಯದಲ್ಲಿ ಗೋಣಿಯ ಪರದೆ. ರೋಸಲಿನ್ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಡಿಲಲ್ಲಿ ಜಪಮಾಲೆ ಹಿಡಿದು ಕುಳಿತಳು. ಮಗಳು ಪರದೆಯ ಮೇಲೆ ಬಂದಾಗ ಮೊದಲು ಅನಿಸಿದ್ದು, ಇವಳು ಎಷ್ಟು ಬಡಕಲಾಗಿದ್ದಾಳೆ, ಊಟ ಸರಿ ಮಾಡುತ್ತಿರಲಿಲ್ಲವೋ ಏನೋ ಎಂದು. ಕಥೆ ಅರ್ಧ ತಲೆಗೆ ಹೋಯಿತು, ಅರ್ಧ ಹೋಗಲಿಲ್ಲ. ಮಡಿಯ ಮನೆ, ಮೀನಿನ ವಾಸನೆಯೂ ಬರಬಾರದ ಮನೆ. ಅಲ್ಲಿಯ ಎಳೆಯ ವಿಧವೆ ದಿನಾ ಹೊಳೆ ದಾಟುವಾಗ ದೋಣಿಯವನೊಡನೆ ಎರಡು ಮಾತಾಡುತ್ತಾಳೆ. ಒಂದು ದಿನ ಅವನು ಜ್ವರದಲ್ಲಿ ಮಲಗಿದ್ದಾನೆಂದು ತಿಳಿದು ಗುಡಿಸಲಿಗೆ ಹೋಗುತ್ತಾಳೆ. ಅವನ ಕೈ ನಡುಗುತ್ತಿದೆ. ಮುಂದೆ ಗಂಜಿ ಉಂಟು, ಸುಟ್ಟ ಮೀನು ಉಂಟು.

ಟೆಂಟಿನಲ್ಲಿ ಸದ್ದಡಗಿತು. ಇದೇ ಆ ಸೀನ್ ಎಂದು ಗೊತ್ತಾಗಿ ರೋಸಲಿನ್ ಕಣ್ಣು ಮುಚ್ಚಿದಳು. ಗ್ಲ್ಯಾಡಿಸ್ ಮೊಣಕೈಯಿಂದ ತಿವಿದಳು.

ಪರದೆಯ ಮೇಲೆ ಸೆಲೀನ್ ಮೀನು ಕೈಗೆತ್ತಿಕೊಂಡಳು. ನಡುಮುಳ್ಳು ಎಳೆದಳು. ಎರಡು ಬೆರಳುಗಳ ನಡುವೆ ಒತ್ತಿ ನೋಡಿದಳು. ದೀಪದ ಬೆಳಕಿಗೆ ಹಿಡಿದು, ಕೆಳತುಟಿಗೆ ಒಮ್ಮೆ ತಾಗಿಸಿ, ಗಂಜಿಯ ಬಟ್ಟಲಿನ ಅಂಚಿಗೆ ಇಟ್ಟಳು. ಅವನು ಎತ್ತಿಕೊಳ್ಳಲಾರದೆ ಹೋದಾಗ ತಾನೇ ಎತ್ತಿ ಬಾಯಿಗೆ ಕೊಟ್ಟಳು. ಅಷ್ಟೇ. ಅದೇ ತುಟಿಯ ಸೀನ್.

ಅಷ್ಟು ಹೊತ್ತೂ ಅವಳ ಕಿರುಬೆರಳು ಬೇರೆಯಾಗಿ ಮೇಲಕ್ಕೆ ನಿಂತಿತ್ತು. ಸೆಲೀನಳ ಬೆರಳಿಗೆ ಯಾವ ಕತ್ತಿಯೂ ತಾಗಿರಲಿಲ್ಲ. ಅವಳ ಬೆರಳು ಚೆನ್ನಾಗಿಯೇ ಮಡಚುತ್ತಿತ್ತು. ಪ್ರೀತಿ ಎಂದರೆ ಹೇಗೆ ಮಾಡುವುದೆಂದು ಮದ್ರಾಸಿನಲ್ಲಿ ಯಾರೋ ಕೇಳಿದಾಗ ಹುಡುಗಿಗೆ ಗೊತ್ತಿದ್ದುದು ಇದೊಂದೇ ಆಗಿತ್ತು, ಬೆರಳು ಸಮೇತ.

ಗೋಣಿಯ ಆಚೆ ಯಾರೋ ಸೀಟಿ ಹೊಡೆದ. “ಬಾಯಿ ಮುಚ್ಚೋ!” ಎಂದು ಈಚೆಯಿಂದ ಒಬ್ಬಳು ಬೈದಳು. ರೋಸಲಿನಳ ಕಣ್ಣಿನಿಂದ ನೀರು ಸುರಿದು ಜಪಮಾಲೆಯ ಮೇಲೆ ಬೀಳುತ್ತಿತ್ತು.

“ಇದು ನನ್ನ ಅಡುಗೆಮನೆ ಅಲ್ವಾ” ಎಂದಳು.

“ಹೌದು. ಅವತ್ತು ನಿಮ್ಮ ಮನೆಯಲ್ಲಿ ಊಟ ಮಾಡುವಾಗ ನಾನು ಕಂಡದ್ದು ಅದೇ” ಎಂದಳು ಗ್ಲ್ಯಾಡಿಸ್.

*

ಮರುದಿನ ಮಧ್ಯಾಹ್ನಕ್ಕೆ ರೋಸಲಿನ್ ಮನೆಗೆ ಬಂದಳು. ಅಡುಗೆ ಮಾಡಿ ಗಂಡನಿಗೆ ಕುಚ್ಚಲಕ್ಕಿ ಅನ್ನ ಬಡಿಸಿದಳು, ಬೂತಾಯಿ ಗಸಿ ಬಡಿಸಿದಳು, ಎರಡು ಇಡೀ ಮೀನು ಹಾಕಿದಳು. ಆಮೇಲೆ ಕೈ ಒರೆಸಿಕೊಂಡು ಬಾಗಿಲಿಗೆ ಒರಗಿ ನಿಂತಳು.

ಗುರ್ಕಾರರು ಕಾದರು. ಕನ್ನಡಕ ಸರಿಮಾಡಿಕೊಂಡರು. “ರೋಸಲಿನ್, ಮೀನು.”

“ಬಡಿಸಿದ್ದೇನಲ್ಲ.”

“ಮುಳ್ಳು?”

“ಮುಳ್ಳು ಬಿಡಿಸುವುದು ಪಾಪವಂತೆ. ತುಟಿಗೆ ತಾಗಿಸಿ ಗಂಡಸಿಗೆ ಕೊಡುವುದು ಮಾನ ಮರ್ಯಾದೆ ಇಲ್ಲದವರ ಕೆಲಸವಂತೆ. ಮೂವತ್ತೆರಡು ಮನೆಗೆ ಹೇಳಿ ಬಂದವರು ನೀವೇ.”

ಗುರ್ಕಾರರಿಗೆ ಬುಡ ತುದಿ ತಿಳಿಯಲಿಲ್ಲ. “ಎಂತ ಹೇಳ್ತಿ ಮಾರಾಯ್ತಿ?”

“ನಿನ್ನೆ ನೋಡಿ ಬಂದೆ. ಕರೆಜ್ಮಾದಲ್ಲಿ, ಟೆಂಟಿನಲ್ಲಿ ಕೂತು, ಕಣ್ಣು ಬಿಟ್ಟುಕೊಂಡು. ನಿಮ್ಮ ಮಗಳು ಅದರಲ್ಲಿ ಮೀನಿನ ಮುಳ್ಳು ಬಿಡಿಸಿ ಕೊಡ್ತಾಳೆ. ಅದೇ ಆ ತುಟಿಯ ಸೀನ್.”

“ಸಿನೆಮಾದಲ್ಲಿ ಮೀನಾ?”

“ಮೀನೇ.”

“ಅದಕ್ಕೆ ಇಷ್ಟೆಲ್ಲ ಗಲಾಟೆಯಾ? ಸುಳ್ಳು. ಮಗಳನ್ನು ಕರೆಸಲಿಕ್ಕೆ ನೀನು ಕಟ್ಟಿದ ಕಥೆ.”

ಮೂವತ್ತು ವರ್ಷದಲ್ಲಿ ರೋಸಲಿನಳನ್ನು ಅವರು ಸುಳ್ಳಿ ಎಂದದ್ದು ಅದೇ ಮೊದಲು. ಅವಳು ಕೂಗಾಡಲಿಲ್ಲ. “ಹಾಗಾದರೆ ಮುಳ್ಳು ನೀವೇ ಬಿಡಿಸಿಕೊಳ್ಳಿ” ಎಂದು ಒಳಗೆ ಹೋದಳು.

ಗುರ್ಕಾರರು ಗಸಿಯಲ್ಲಿ ಅನ್ನ ಕಲಸಿ ತಿಂದು ಎದ್ದರು. ಎರಡು ಬೂತಾಯಿ ಬಟ್ಟಲಿನಲ್ಲಿ ಕಣ್ಣು ಬಿಟ್ಟು ಹಾಗೇ ಮಲಗಿದ್ದವು. ಮರುದಿನವೂ ಅದೇ, ಮೂರನೆಯ ದಿನವೂ ಅದೇ. ರೋಸಲಿನ್ ಹಟಕ್ಕೆಂದೇ ದಿನಾ ಮುಳ್ಳಿನ ಮೀನೇ ತರಿಸಿದಳು. ಗುರ್ಕಾರರು ಒಂದೊಂದು ಸಲ ಬೆರಳಿನಿಂದ ಮೀನನ್ನು ಮುಟ್ಟುವರು, ಕೈ ಹಿಂದೆ ತೆಗೆಯುವರು. ವೆರೊನಿಕಾಳಿಗೆ ಪಾಪ ಅನಿಸಿತು.

“ನಾನು ಬಿಡಿಸಿ ಕೊಡಲಾ ಪಪ್ಪಾ?”

“ಯಾರೂ ಬೇಡ!” ಎಂದಳು ರೋಸಲಿನ್ ಅಡುಗೆಮನೆಯಿಂದ.

“ಮಾಂಯ್, ನೀನಾದರೂ ಇವಳಿಗೆ ಹೇಳು” ಎಂದರು ಗುರ್ಕಾರರು ತಮ್ಮ ತಾಯಿಗೆ.

“ನಾನು ಎಂತ ಹೇಳುವುದು? ಆ ಪಾಪವನ್ನು ಅವಳಿಗೆ ಕಲಿಸಿದವಳೇ ನಾನು” ಎಂದು ಮುದುಕಿ ಎಲೆಯಡಿಕೆ ಬಾಯಿಗಿಟ್ಟುಕೊಂಡಳು. “ನನ್ನ ಹೆಸರನ್ನೂ ತೇರ್ಸಿನಿಂದ ತೆಗೆ.”

ನಾಲ್ಕನೆಯ ದಿನ ಬೆಳಿಗ್ಗೆ ಗುರ್ಕಾರರು ಒಗೆದ ಅಂಗಿ ಹಾಕಿಕೊಂಡು, “ಮಣಿಪಾಲಕ್ಕೆ ಹೋಗಿ ಬರ್ತೇನೆ. ಕಣ್ಣು ತೋರಿಸಬೇಕು. ನಾಳೆ ಬಾ ಎಂದರೆ ಅಲೆವೂರಿನಲ್ಲಿ ಉಳಿಯುತ್ತೇನೆ” ಎಂದು ಹೊರಟರು. ರೋಸಲಿನ್ ಹೂಂ ಎಂದಳು. ಅರ್ಧ ಗಂಟೆ ಕಳೆದು ಬೂಬ ಸೈಕಲ್ ನಿಲ್ಲಿಸಿದ.

“ಎಂತ ಬಾಯಿ, ಗುರ್ಕಾರರು ಕಾರ್ಕಳಕ್ಕೆ ಎಂತಕ್ಕೆ ಹೋದದ್ದು? ಪಡುಬಿದ್ರಿ ಬಸ್ಸು ಹತ್ತಿದರು. ನಾನು ಕರೆದರೆ ಕೊಡೆ ಅಡ್ಡ ಹಿಡಿದರು!”

“ಕಣ್ಣು ತೋರಿಸಲಿಕ್ಕೆ” ಎಂದಳು ರೋಸಲಿನ್. ಬಗ್ಗಿ ಬಂಗುಡೆ ಆರಿಸತೊಡಗಿದಳು. “ಅಲ್ಲಿ ಒಳ್ಳೆಯದಾಗಿ ನೋಡ್ತಾರಂತೆ.”

*

ಗುರ್ಕಾರರು ಮರುದಿನ ಮೂರು ಗಂಟೆಗೆ ಬಂದರು. ಕಾಲು ತೊಳೆದರು. ಚಾ ಕುಡಿದರು. ಡಾಕ್ಟ್ರು ಎಂತ ಹೇಳಿದರೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತೋಟಕ್ಕೆ ಹೋಗಿ ತೆಂಗಿನ ಬುಡಕ್ಕೆ ನೀರು ಬಿಟ್ಟು, ಸೂರ್ಯ ಮುಳುಗುವಾಗ ಬಂದು ಮೊಂಬತ್ತಿ ಹಚ್ಚಿದರು. ಎಲ್ಲರೂ ತೇರ್ಸಿಗೆ ಮೊಣಕಾಲೂರಿದರು.

ಕೊನೆಗೆ ಹೆಸರುಗಳು ಬಂದವು. ಸತ್ತವರದಾಯಿತು. ಅಜ್ಜಿಯದಾಯಿತು, ರೋಸಲಿನಳದಾಯಿತು, ವೆರೊನಿಕಾಳದಾಯಿತು. ರೋಸಲಿನ್ ಎಂದಿನಂತೆ “ಪ್ರಯಾಣದಲ್ಲಿ” ಎಂದು ಬಾಯಿ ತೆರೆದಳು.

“ಸೆಲೀನಳಿಗಾಗಿ” ಎಂದರು ಗುರ್ಕಾರರು. “ನಮಾನ್ ಮರಿಯೆ...”

ಮುದುಕಿ ತನ್ನ ಒಡಕು ದನಿಯಲ್ಲಿ ಅಲ್ಲಿಂದ ಹಿಡಿದು ಪ್ರಾರ್ಥನೆ ಮುಗಿಸಿದಳು.

ಊಟಕ್ಕೆ ಕುಳಿತಾಗ ರೋಸಲಿನ್ ಬಂದು ಪಕ್ಕದಲ್ಲಿ ನಿಂತು ಬಂಗುಡೆ ಬಿಡಿಸಿದಳು. ಅವರು ಅವಳ ಕೈಯನ್ನೇ ನೋಡುತ್ತಿದ್ದರು, ಮೂವತ್ತು ವರ್ಷದಲ್ಲಿ ಮೊದಲ ಸಲ ಕಂಡವರ ಹಾಗೆ.

“ಆ ಕಿರುಬೆರಳನ್ನು ಅವಳು ಎಲ್ಲಿ ನೋಡಿದಳು, ಯಾವಾಗ ಕಲಿತಳು?” ಎಂದರು.

“ನಿಮ್ಮ ಮಡಿಲಲ್ಲಿ ಕೂತು. ಮತ್ತೆ ಎಲ್ಲಿ?”

“ನಿನ್ನನ್ನು ಸುಳ್ಳಿ ಎಂದೆ ನಾನು.”

“ಅಂದಿರಿ. ಈಗ ತಿನ್ನಿ, ಆರ್ತದೆ.”

“ಹದಿಮೂರು ಮನೆ ರೋಸಲಿನ್. ಗೊತ್ತಾದ ಮೇಲೆ ಹದಿಮೂರು ಮನೆ.”

ರೋಸಲಿನ್ ಇನ್ನೊಂದು ತುಂಡು ತುಟಿಗೆ ತಾಗಿಸಿ ಅವರ ಅನ್ನದ ಬದಿಗೆ ಇಟ್ಟಳು.

ಶನಿವಾರ ಗುರ್ಕಾರರು ಪಾಪನಿವೇದನೆಗೆ ಹೋಗಿ ಬಂದರು. ಹೊಸ ವಿಗಾರರು ಏನು ಪ್ರಾಯಶ್ಚಿತ್ತ ಕೊಟ್ಟರೋ ಅದು ಅವರಿಬ್ಬರಿಗೇ ಗೊತ್ತು. ಆ ರಾತ್ರಿಯೇ ಮದ್ರಾಸಿಗೆ ಒಂದು ಕಾರ್ಡು ಬರೆದರು. ನಾಲ್ಕೇ ಸಾಲು. ವೆರೊನಿಕಾ ಅದನ್ನು ಅಂಚೆಗೆ ಹಾಕುವ ದಾರಿಯಲ್ಲಿ ಓದಿ ಅತ್ತಳು. ‘ನಿನ್ನ ತಂಗಿಗೆ ರೋಸ್ ಹಾಕಲು ಬಾ. ಮಾಟೊವ್ ಹಾಕುವ ದಿನವೇ ಬಾ. ನಿನ್ನ ಚಿತ್ರ ನೋಡಿದೆ. ತುಂಬ ಬಡಕಲಾಗಿದ್ದಿ.’

ಈಸ್ಟರ್ ಕಳೆದ ಸೋಮವಾರ ಗುರ್ಕಾರರು ಕೊಡೆ ಹಿಡಿದು ಮದುವೆಯ ಕರೆಗೆ ಹೊರಟರು. ಒಂದೇ ದಿನದಲ್ಲಿ ಮೂವತ್ತೆರಡು ಮನೆ. ಪ್ರತಿಯೊಂದು ಜಗಲಿಯಲ್ಲೂ ನಿಂತು ಒಂದೇ ಮಾತು ಹೇಳಿದರು. “ನಮ್ಮ ವೆರೊನಿಕಾಳ ಮದುವೆ. ನಮ್ಮ ಸೆಲೀನ್ ಬರ್ತಾಳೆ. ಆರು ವರ್ಷದ ಹಿಂದೆ ನಾನು ಇಲ್ಲಿ ನಿಂತು ಹೇಳಿದ್ದು ತಪ್ಪು. ನೋಡದೆ ಹೇಳಿದ್ದು. ಎಲ್ಲರೂ ಬರಬೇಕು.”

ಎಡ್ಮಂಡ್ ಹೊಲಿಗೆ ನಿಲ್ಲಿಸಿ ಎದ್ದ. “ಗುರ್ಕಾರರೇ, ಸತ್ಯ ಹೇಳ್ತೇನೆ, ನಾನು ಆಗಲೇ ನೋಡಿದ್ದೆ.”

“ಗೊತ್ತುಂಟು. ಹಾಡಿನ ಪುಸ್ತಕ ಟೆಂಟಿನ ಒಳಗೆ ಮಾತ್ರ ಸಿಗ್ತದೆ. ಮೊನ್ನೆ ನಾನೂ ಒಂದು ತಗೊಂಡೆ” ಎಂದರು ಗುರ್ಕಾರರು.

*

ಮಾಟೊವ್ ಎಂದರೆ ಮದುವೆಯ ಚಪ್ಪರ. ಅದನ್ನು ಹಾಕಲು ವಾಡೆಯವರೆಲ್ಲ ಬರಬೇಕು, ಮಧ್ಯಾಹ್ನ ಅಲ್ಲಿಯೇ ಉಣ್ಣಬೇಕು. ಗಂಡಸರು ಬಿದಿರು ನೆಟ್ಟು ತೆಂಗಿನ ಮಡಲು ಹೊದಿಸುತ್ತಿರುವಾಗ ಉಡುಪಿಯ ಬಾಡಿಗೆ ಕಾರೊಂದು ಓಣಿಯಲ್ಲಿ ನಿಂತಿತು. ಸೆಲೀನ್ ಇಳಿದಳು. ನೂಲಿನ ಸೀರೆ, ಒಂದೇ ಒಂದು ಪೆಟ್ಟಿಗೆ. ಕೆಲಸ ನಿಂತಿತು. ಏಣಿಯ ಮೇಲಿದ್ದವರು ಏಣಿಯ ಮೇಲೆಯೇ ಉಳಿದರು.

ಅವಳು ನೇರವಾಗಿ ತಂದೆಯ ಹತ್ತಿರ ಬಂದು, ಸಣ್ಣಂದಿನಲ್ಲಿ ತೇರ್ಸ್ ಮುಗಿದ ಮೇಲೆ ಮಾಡುತ್ತಿದ್ದ ಹಾಗೆ ಕೈ ಜೋಡಿಸಿದಳು. “ಬೆಸಾಂವ್ ದೀ ಪಪ್ಪಾ.”

“ದೇವರು ಒಳ್ಳೆಯದು ಮಾಡಲಿ” ಎಂದು ಅವರು ಆಶೀರ್ವಾದ ಕೊಟ್ಟರು. ಆಮೇಲೆ ಏನು ಹೇಳುವುದೆಂದು ತಿಳಿಯದೆ, “ಹಸಿದಿರಬೇಕು. ಎಲೆ ಹಾಕಿ, ಎಲೆ ಹಾಕಿ” ಎಂದು ಎಲ್ಲರಿಗೂ ಅವಸರ ಮಾಡಿದರು.

ಅರ್ಧ ಹೊದಿಸಿದ ಚಪ್ಪರದ ಅಡಿಯಲ್ಲಿ ಉದ್ದಕ್ಕೆ ಪಂಕ್ತಿ ಕುಳಿತಿತು. ಗುರ್ಕಾರರು ಸೆಲೀನಳನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ವೆರೊನಿಕಾ ಅನ್ನ ಬಡಿಸಿದಳು. ರೋಸಲಿನ್ ಬೂತಾಯಿ ಬಡಿಸುತ್ತಾ ಬಂದು, ಗಂಡನ ಎಲೆಯ ಮುಂದೆ ಎಂದಿನಂತೆ ಬಗ್ಗಿದಳು.

ಗುರ್ಕಾರರು ಎಲೆಗೆ ಕೈ ಅಡ್ಡ ಹಿಡಿದರು. “ಇವತ್ತು ಬೇಡ.”

ಅವರು ಮೀನನ್ನು ಕೈಗೆತ್ತಿಕೊಂಡರು. ಕನ್ನಡಕವನ್ನು ಹಣೆಗೆ ಏರಿಸಿ ಮೀನನ್ನು ಮೂಗಿನ ಹತ್ತಿರ ತಂದರು. ನಡುಮುಳ್ಳು ಎಳೆದರು. ಅದು ಅರ್ಧದಲ್ಲಿ ತುಂಡಾಯಿತು, ಉಳಿದರ್ಧವನ್ನು ಹುಡುಕಿ ತೆಗೆದರು. ಎರಡು ಬೆರಳುಗಳ ನಡುವೆ ಒತ್ತಿ ನೋಡಿದರು. ಐವತ್ತೆಂಟು ವರ್ಷದ ಗಂಡಸು, ವಾಡೆಯ ಗುರ್ಕಾರ, ಮೂವತ್ತೆರಡು ಮನೆಯವರ ಎದುರು ಆ ತುಂಡನ್ನು ಕೆಳತುಟಿಗೆ ಒಮ್ಮೆ ತಾಗಿಸಿ, ಮಗಳ ಎಲೆಯಲ್ಲಿ ಅನ್ನದ ಬದಿಗೆ ಇಟ್ಟರು.

ಪಂಕ್ತಿಯಲ್ಲಿ ಎಲ್ಲರ ಕೈಯೂ ನಿಂತಿತ್ತು. ಎಡ್ಮಂಡ್ ಕೆಳಗೆ ನೋಡಿಕೊಂಡು ಸುಮ್ಮನೆ ಉಪ್ಪು ಕಲಸುತ್ತಿದ್ದ.

“ತಿನ್ನು. ಮದ್ರಾಸಿನಲ್ಲಿ ನಿನಗೆ ಯಾರು ಬಿಡಿಸಿ ಕೊಡ್ತಿದ್ದರು?” ಎಂದರು ಗುರ್ಕಾರರು.

ಸೆಲೀನ್ ತುತ್ತು ಬಾಯಿಗಿಟ್ಟಳು. ರೋಸಲಿನ್ ಅವಳನ್ನೇ ನೋಡುತ್ತಿದ್ದಳು. ಅಗಿಯುತ್ತಿದ್ದ ದವಡೆ ಒಂದು ಕ್ಷಣ ನಿಂತಿತು, ಮತ್ತೆ ಮೆಲ್ಲಗೆ ಹೊರಳಿತು.

“ಮುಳ್ಳು ಉಂಟಾ?” ಎಂದರು ಗುರ್ಕಾರರು, ಗಾಬರಿಯಿಂದ.

“ಇಲ್ಲ ಪಪ್ಪಾ. ಒಂದೂ ಇಲ್ಲ.”

“ಹಾಗಾದರೆ ಇನ್ನೊಂದು ತಿನ್ನು” ಎಂದು ಅವರು ಎರಡನೆಯ ಮೀನಿಗೆ ಕೈ ಹಾಕಿದರು. ಆಮೇಲೆ ಮೂರನೆಯದಕ್ಕೂ.

ಊಟವಾಗಿ ಎಲ್ಲರೂ ಎದ್ದ ಮೇಲೆ ರೋಸಲಿನ್ ಎಲೆ ಎತ್ತಲು ಬಂದಳು. ಸೆಲೀನಳ ಎಲೆ ಎತ್ತಿದಾಗ ಅದರ ಅಂಚಿನ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಸಾಲಾಗಿ ಇಟ್ಟ ಮುಳ್ಳುಗಳಿದ್ದವು. ಅವಳು ಅವನ್ನು ಅಂಗೈಯಲ್ಲಿ ಹಾಕಿಕೊಂಡು ಅತ್ತೆಯ ಹತ್ತಿರ ತಂದು ತೋರಿಸಿದಳು.

ಮುದುಕಿ ಬಗ್ಗಿ ನೋಡಿದಳು. “ಎಷ್ಟು?”

“ಏಳು.”

“ಮೊದಲ ದಿವಸ ಅಲ್ವಾ,” ಎಂದಳು ಪಾಸ್ಕಿನ್ ಬಾಯಿ. “ಪರವಾಗಿಲ್ಲ. ಕಲಿತುಕೊಳ್ತಾನೆ.”